ಬದಲಿಸುವ ಮುನ್ನ ಕಡ್ಡಿ ಮೀಟಿ ನೋಡಿ

ದೇವರಾಯನದುರ್ಗದ ಕಾಡಂಚಿನ ಮಣ್ಣುದಾರಿಯಲ್ಲಿ ಇಳಿಯುತ್ತಿದ್ದಾಗ ಹಿಂಚಕ್ರದಿಂದ 'ಟಣ್' ಎಂದು ಸದ್ದು ಬಂತು. ಕಡ್ಡಿ ಹೋಯಿತೆಂದು ಇಳಿಯುವ ಮೊದಲೇ ಗೊತ್ತಾಯಿತು. ಎರಡು ತಿಂಗಳಲ್ಲಿ ಅದು ಮೂರನೆಯದು. ಚಕ್ರ ಎಡಬಲಕ್ಕೆ ಓಲಾಡುತ್ತಿತ್ತು. ಸುತ್ತಿಗೊಮ್ಮೆ ಟೈರು ಫ್ರೇಮಿಗೆ ಸವರಿ 'ಸರ್ರ್' ಎನ್ನುತ್ತಿತ್ತು. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ಟಾರು ರಸ್ತೆಯವರೆಗೆ ಸೈಕಲ್ ತಳ್ಳಿಕೊಂಡು ಬಂದೆ.

ನನ್ನದು ಒಂಬತ್ತು ವರ್ಷ ಹಳೆಯ ಮೌಂಟನ್ ಬೈಕ್. 26 ಇಂಚಿನ ಚಕ್ರ, ಒಂದೊಂದಕ್ಕೂ 36 ಕಡ್ಡಿ, ಡಿಸ್ಕ್ ಬ್ರೇಕು, ಹಿಂದೆ 7 ಹಲ್ಲುಚಕ್ರಗಳ ಗೇರು. ನಮ್ಮ ಊರುಗಳಲ್ಲಿ ಓಡುವ ನೂರಾರು ಎಂಟಿಬಿಗಳಂತೆಯೇ ಅದೂ ಒಂದು. ಝಗಮಗಿಸುವ ಷೋರೂಮಿನ ಹುಡುಗ ನೋಡಿದ ಕೂಡಲೇ ತೀರ್ಪು ಕೊಟ್ಟ: "ಹಳೇ ಮಾಡೆಲ್ಲು ಸಾರ್, ಎರಡೂ ವೀಲ್ ಚೇಂಜ್ ಮಾಡ್ಬಿಡಿ. ಲೈಟ್ ವೇಯ್ಟು, ಸ್ಪೀಡು ಹಂಗೇ ಬರುತ್ತೆ." ಅವನು ಹೇಳಿದ ಬೆಲೆ ನಾನು ಸೈಕಲ್ಲಿಗೆ ಕೊಟ್ಟಿದ್ದರ ಅರ್ಧಕ್ಕಿಂತ ಹೆಚ್ಚಿತ್ತು. ಅಲ್ಲಿಂದ ಹಳೆಯ ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದರು. ಪಾನಾ ಮುಟ್ಟಲಿಲ್ಲ. ಹಿಂಚಕ್ರದ ಕಡ್ಡಿಗಳನ್ನು ಹೆಬ್ಬೆರಳ ಉಗುರಿನಿಂದ ಒಂದೊಂದಾಗಿ ಮೀಟುತ್ತಾ ಹೋದರು. ಬಲಬದಿಯವು 'ಟಿಣ್ ಟಿಣ್' ಎಂದವು. ಎಡಬದಿಯ ಕೆಲವು 'ಡಬ್' ಎಂದು ಸುಮ್ಮನಾದವು. "ಏನು ಹೋಗಿದೆ ಅಂತ ಮೊದ್ಲು ನೋಡೋಣ, ಆಮೇಲೆ ಬದಲಾಯಿಸೋ ಮಾತು," ಎಂದರು.

ಈ ಮಾತಿನ ಹಿಂದೆ ಎರಡು ಶತಮಾನಗಳ ಎಂಜಿನಿಯರಿಂಗ್ ಇದೆ.

ಎತ್ತಿನ ಗಾಡಿಯ ಚಕ್ರದಲ್ಲಿ ಭಾರ ಹೊರುವುದು ಮರದ ಅರಗಳು. ಯಾವ ಅರ ಕೆಳಗೆ ಬರುತ್ತದೋ ಅದು ಕಂಬದಂತೆ ನಿಂತು ಗಾಡಿಯನ್ನು ಹೊರುತ್ತದೆ. ಸೈಕಲ್ ಕಡ್ಡಿಗೆ ಅದು ಸಾಧ್ಯವಿಲ್ಲ. 2 ಮಿ.ಮೀ. ದಪ್ಪದ ತಂತಿಯನ್ನು ನಿಲ್ಲಿಸಿ ಮೇಲಿಂದ ಒತ್ತಿದರೆ ಬಾಗಿಬಿಡುತ್ತದೆ. ಎಳೆದರೆ ಮಾತ್ರ ಅದು ಗಟ್ಟಿ. ಹಾಗಾದರೆ ಎಳೆದೇ ಇಡೋಣ ಎಂಬ ಯೋಚನೆ 1808ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲೀಗೆ ಬಂತು. ಅವನಿಗೆ ಬೇಕಿದ್ದದ್ದು ಸೈಕಲ್ಲಲ್ಲ, ತಾನು ಕನಸು ಕಾಣುತ್ತಿದ್ದ ಹಾರುವ ಯಂತ್ರಕ್ಕೆ ಹಗುರವಾದ ಚಕ್ರ. ಸೈಕಲ್ಲಿಗೆ ತಂತಿ ಚಕ್ರ ಬಂದದ್ದು 1869ರ ಸುಮಾರಿಗೆ, ಪ್ಯಾರಿಸ್‌ನ ಯೂಜೀನ್ ಮೇಯರ್‌ನಿಂದ. 1874ರಲ್ಲಿ ಜೇಮ್ಸ್ ಸ್ಟಾರ್ಲಿ ಕಡ್ಡಿಗಳನ್ನು ಚಕ್ರದ ನಡುವಿನ ಹಬ್‌ನಿಂದ ನೇರವಾಗಿ ಹೊರಡಿಸದೆ, ಓರೆಯಾಗಿ, ಒಂದನ್ನೊಂದು ಹಾಯುವಂತೆ ಕಟ್ಟುವ ವಿಧಾನಕ್ಕೆ ಪೇಟೆಂಟ್ ಪಡೆದ. ಪೆಡಲಿನ ತಿರುಚುಬಲ ಹಬ್‌ನಿಂದ ರಿಮ್‌ಗೆ ದಾಟಬೇಕಾದರೆ ಈ ಓರೆ ಬೇಕು. ಡಿಸ್ಕ್ ಬ್ರೇಕಿನ ಬಲವೂ ಹಬ್‌ನಲ್ಲೇ ಹುಟ್ಟುವುದರಿಂದ ಈಗ ಮುಂಚಕ್ರಕ್ಕೂ ಅದೇ ಹೆಣಿಗೆ.

ಚೆನ್ನಾಗಿ ಕಟ್ಟಿದ ಚಕ್ರದಲ್ಲಿ ಪ್ರತಿ ಕಡ್ಡಿಯ ಎಳೆತ ಸುಮಾರು 100 ಕಿಲೋ ತೂಕದಷ್ಟು. 36 ಕಡ್ಡಿಗಳನ್ನು ಸೇರಿಸಿದರೆ ಮೂರೂವರೆ ಟನ್ ದಾಟುತ್ತದೆ. ನಾವು ಸೀಟಿನ ಮೇಲೆ ಕೂರುವ ಮೊದಲೇ, ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ರಿಮ್ಮು ಅಷ್ಟು ಬಲವನ್ನು ಸುತ್ತಲಿಂದ ತಡೆದುಕೊಂಡು ನಿಂತಿರುತ್ತದೆ. ಕೂತ ಮೇಲೆ ಏನಾಗುತ್ತದೆ? ಮೇಲಿನ ಕಡ್ಡಿಗಳಿಗೆ ಹಬ್ಬು ನೇತು ಹಾಕಿಕೊಂಡಿರುತ್ತದೆ, ಹಾಗಾಗಿ ಅವುಗಳ ಎಳೆತ ಹೆಚ್ಚುತ್ತದೆ ಎಂದು ಬಹಳ ಜನ ಊಹಿಸುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಜೋಬ್ಸ್ಟ್ ಬ್ರಾಂಟ್ ಎಂಬ ಅಮೆರಿಕದ ಎಂಜಿನಿಯರ್ 1981ರಲ್ಲಿ ಸೈಕಲ್ ಚಕ್ರದ ಬಗ್ಗೆಯೇ ಒಂದು ಪುಸ್ತಕ ಬರೆದು ಲೆಕ್ಕ ತೋರಿಸಿದ. ಮೇಲಿನವು ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತವೆ. ನೆಲಕ್ಕೆ ಹತ್ತಿರದ ನಾಲ್ಕೈದು ಕಡ್ಡಿಗಳ ಎಳೆತ ಮಾತ್ರ ಕುಸಿಯುತ್ತದೆ. ಮೊದಲೇ ತುಂಬಿಟ್ಟ ಬಿಗಿಯಲ್ಲಿ ಒಂದು ಪಾಲನ್ನು ಕಳೆದುಕೊಳ್ಳುವುದೇ ಅವು ಭಾರ ಹೊರುವ ಬಗೆ.

ಅಂದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರತಿ ಕಡ್ಡಿ ಒಮ್ಮೆ ಸಡಿಲಿ ಮತ್ತೆ ಬಿಗಿಯುತ್ತದೆ. ನನ್ನ ಚಕ್ರ ಕಿಲೋಮೀಟರಿಗೆ ಸುಮಾರು 480 ಸುತ್ತು ತಿರುಗುತ್ತದೆ. ಒಂಬತ್ತು ವರ್ಷಕ್ಕೆ 8,000 ಕಿ.ಮೀ. ಎಂದು ಹಿಡಿದರೂ ಪ್ರತಿ ಕಡ್ಡಿಗೆ 38 ಲಕ್ಷ ಸಲ ಈ ವ್ಯಾಯಾಮ ಆಗಿದೆ. ಒಂದೇ ಸಲ ಎಳೆದು ಕಡ್ಡಿಯನ್ನು ತುಂಡು ಮಾಡಲು ದೊಡ್ಡ ಬಲ ಬೇಕು. ಸಣ್ಣ ಬಲದಿಂದಲೇ ಲಕ್ಷಾಂತರ ಸಲ ಎಳೆದು ಬಿಟ್ಟರೆ ಲೋಹ ಒಳಗೊಳಗೇ ಸೀಳುತ್ತದೆ. ರೈಲಿನ ಅಚ್ಚುಗಳು ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುತ್ತಿದ್ದುದನ್ನು 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವ್ಯೋಲರ್ ಪರೀಕ್ಷಿಸಿ, ಲೋಹದ ಈ ದಣಿವನ್ನು ಅಂಕಿಗಳಲ್ಲಿ ಹಿಡಿದ.

ಮೆಕ್ಯಾನಿಕ್ ಮುರಿದ ಕಡ್ಡಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಹಬ್‌ನ ತೂತಿಗೆ ಸಿಕ್ಕಿಸುವ ಬಾಗಿದ ಕೊಕ್ಕೆಯ ಬುಡದಲ್ಲಿ ತುಂಡಾಗಿತ್ತು. ಕಡ್ಡಿಗಳು ಹೆಚ್ಚಾಗಿ ಮುರಿಯುವುದು ಅಲ್ಲೇ. ತುಂಡಾದ ಮುಖ ಸಾಸಿವೆಗಿಂತ ದೊಡ್ಡದಲ್ಲ. ಆದರೂ ಕಣ್ಣಿಟ್ಟು ನೋಡಿದರೆ ಅದರಲ್ಲಿ ಎರಡು ಭಾಗ ಕಾಣುತ್ತದೆ. ಒಂದು ಪಕ್ಕ ನಯವಾಗಿ, ತುಸು ಮಾಸಲಾಗಿ, ಉಜ್ಜಿದಂತೆ. ಇನ್ನೊಂದು ಪಕ್ಕ ಒರಟಾಗಿ, ಹೊಳೆಯುವ ಸಕ್ಕರೆ ಹರಳಿನಂತೆ. ನಯವಾದದ್ದು ತಿಂಗಳುಗಟ್ಟಲೆ ಹಿಗ್ಗುತ್ತಾ ಬಂದ ಬಿರುಕು. ಒರಟಾದದ್ದು ಮಾತ್ರ ಅವತ್ತಿನ ಇಳಿಜಾರಿನ ಪಾಲು. ನಾನು ಬೈದುಕೊಂಡ ಆ ಕಲ್ಲು ಪಾಪ, ಕೊನೆಯ ಏಟನ್ನಷ್ಟೇ ಕೊಟ್ಟಿತ್ತು.

ಎರಡು ತಿಂಗಳಲ್ಲಿ ಮುರಿದ ಮೂರೂ ಕಡ್ಡಿ ಎಡಬದಿಯವೇ. ಯಾಕೆ? ಹಿಂಚಕ್ರದ ಬಲಬದಿಯಲ್ಲಿ ಹಲ್ಲುಚಕ್ರಗಳಿಗೆ ಜಾಗ ಬಿಡಬೇಕು. ಅದರಿಂದ ಬಲಬದಿಯ ಕಡ್ಡಿಗಳು ರಿಮ್ಮಿಗೆ ಹೆಚ್ಚು ನೆಟ್ಟಗೆ, ಎಡಬದಿಯವು ಹೆಚ್ಚು ಓರೆಯಾಗಿ ಹೋಗುತ್ತವೆ. ರಿಮ್ಮು ನಡುವೆ ನಿಲ್ಲಬೇಕಾದರೆ ನೆಟ್ಟಗಿನವು ಬಲವಾಗಿ ಎಳೆಯಬೇಕು, ಓರೆಯವು ಕಡಿಮೆ ಎಳೆದರೆ ಸಾಕು. ಎಷ್ಟೋ ಹಿಂಚಕ್ರಗಳಲ್ಲಿ ಎಡದ ಬಿಗಿ ಬಲದ್ದರ ಅರ್ಧದ ಆಸುಪಾಸಿನಲ್ಲಿರುತ್ತದೆ. ಮೊದಲೇ ಕಡಿಮೆ ಬಿಗಿ. ಅದೂ ಇಳಿದರೆ ನೆಲಕ್ಕೆ ಬಂದ ಕ್ಷಣ ಕಡ್ಡಿ ಪೂರ್ತಿ ಸಡಿಲಾಗುತ್ತದೆ, ಕೊಕ್ಕೆ ತೂತಿನಲ್ಲಿ ಅಲುಗಾಡುತ್ತದೆ, ಕಡ್ಡಿ ತುದಿಯ ನಿಪ್ಪಲ್ ತಾನೇ ಬಿಚ್ಚಿಕೊಳ್ಳುತ್ತದೆ. 'ಜಾಸ್ತಿ ಬಿಗಿ ಮಾಡಿದರೆ ಕಡ್ಡಿ ಮುರಿದೀತು' ಎಂಬ ಭಯ ನಮಗೆ. ಆದರೆ ಓಡಾಡುವ ಸೈಕಲ್ಲಿನಲ್ಲಿ ಮುರಿಯುವುದು ಬಹುಪಾಲು ಸಡಿಲ ಕಡ್ಡಿಯೇ.

ಇನ್ನು ಆ ಮೀಟುವಿಕೆ. ಅದು ಅಂಗಡಿಯ ಶಾಸ್ತ್ರವಲ್ಲ, ತಂಬೂರಿಯ ಭೌತಶಾಸ್ತ್ರ. ತಂತಿಯ ಕಂಪನ ಬಿಗಿಯ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. 2 ಮಿ.ಮೀ. ಉಕ್ಕಿನ ಕಡ್ಡಿ, 26 ಸೆಂ.ಮೀ. ಉದ್ದ, 100 ಕಿಲೋ ಬಿಗಿ ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 380 ಕಂಪನ ಬರುತ್ತದೆ. ಬಿಗಿ ಅರ್ಧಕ್ಕಿಳಿದರೆ ಅದು 270ಕ್ಕೆ ಇಳಿಯುತ್ತದೆ. ಸಂಗೀತ ಗೊತ್ತಿದ್ದವರಿಗೆ ಹೇಳುವುದಾದರೆ, ಪ್ರತಿಮಧ್ಯಮದಿಂದ ಷಡ್ಜಕ್ಕೆ ಇಳಿದಷ್ಟು. ಒಂದು ಸ್ವರಸ್ಥಾನದ ವ್ಯತ್ಯಾಸ ಕೇಳಿಸಿದರೆ ಬಿಗಿಯಲ್ಲಿ ಶೇ. 12ರ ಸುಮಾರು ವ್ಯತ್ಯಾಸವಿದೆ ಎಂದರ್ಥ. ಸಾಮಾನ್ಯ ಕಿವಿಗೂ ಇದು ತಿಳಿಯುತ್ತದೆ; ಕಿವಿ ಸಾಲದಿದ್ದರೆ ಮೊಬೈಲಿನ ಶ್ರುತಿ ಆ್ಯಪ್ ಹೇಳುತ್ತದೆ. ಒಂದೇ ಎಚ್ಚರ: ಎಡವನ್ನು ಎಡದೊಂದಿಗೆ, ಬಲವನ್ನು ಬಲದೊಂದಿಗೆ ಹೋಲಿಸಬೇಕು. ಎರಡು ಬದಿಗೂ ಒಂದೇ ಶ್ರುತಿ ಕೂರಿಸಲು ಹೊರಟರೆ ರಿಮ್ಮು ಫ್ರೇಮಿಗೆ ಹೋಗಿ ಅಂಟುತ್ತದೆ.

ಒಂದು ಕಡ್ಡಿ ಹೋದರೆ ಒಂದನ್ನು ಹಾಕಿಸಿ, ಬೆಂಡ್ ತೆಗೆಸಿ ಓಡಿಸಬಹುದು. ಆದರೆ ಒಂದೇ ಬದಿಯಲ್ಲಿ ಎರಡು ಮೂರು ಹೋದರೆ ಉಳಿದವೂ ಅಷ್ಟೇ ಲಕ್ಷ ಸುತ್ತು ಕಂಡಿವೆ ಎಂಬುದನ್ನು ಮರೆಯಬಾರದು. ಅಲ್ಲಿ ತೇಪೆ ಹಚ್ಚುವುದು ದುಬಾರಿ. ಕಡ್ಡಿಗಳನ್ನೆಲ್ಲ ತೆಗೆದು ಹೊಸದು ಕಟ್ಟಿಸುವುದು ಒಳ್ಳೆಯದು. ಅಷ್ಟು ಮಾಡುವುದಾದರೆ ಅವು ಹಿಡಿದುಕೊಂಡಿರುವ ರಿಮ್ಮು ಮತ್ತು ಹಬ್ಬು ಆ ಖರ್ಚಿಗೆ ಯೋಗ್ಯವೇ ಎಂಬ ಪ್ರಶ್ನೆ ಏಳುತ್ತದೆ. ಷೋರೂಮಿನ ಹುಡುಗ ಕೇಳದೆ ಬಿಟ್ಟದ್ದು ಇದನ್ನೇ.

ರಿಮ್ಮಿನ ಪರೀಕ್ಷೆ ಸುಲಭ. ಡಿಸ್ಕ್ ಬ್ರೇಕಿನ ಸೈಕಲ್ಲಿನಲ್ಲಿ ರಿಮ್ಮಿನ ಪಕ್ಕ ಸವೆಯುವುದಿಲ್ಲ. ರಬ್ಬರ್ ಬ್ರೇಕಿನದಾದರೆ ಪಕ್ಕದ ಗೋಡೆ ಒಳಕ್ಕೆ ತಗ್ಗಿದೆಯೇ ಎಂದು ಬೆರಳಾಡಿಸಿ ನೋಡಬೇಕು; ತಗ್ಗಿದ್ದರೆ ಅದರ ಕಥೆ ಮುಗಿಯಿತು. ನನ್ನ ಹಿಂಚಕ್ರದ ಕಡ್ಡಿಗಳನ್ನು ಸಡಿಲಿಸಿ, ರಿಮ್ಮನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಬಲಬದಿಯ ಎರಡು ಕಡ್ಡಿತೂತುಗಳ ಸುತ್ತ ಕೂದಲೆಳೆಯಂಥ ಕಪ್ಪು ಗೆರೆ ಕಂಡಿತು. ಕೊಳೆಯಿರಬಹುದೆಂದು ಉಗುರಿನಿಂದ ಕೆರೆದೆ. ಉಗುರು ಸಿಕ್ಕಿಕೊಂಡಿತು. ಬಿರುಕು. ಅಲ್ಯೂಮಿನಿಯಂನ ದೋಷವೆಂದರೆ ಅದರ ದಣಿವಿಗೆ ತಳವಿಲ್ಲ. ಸಾಮಾನ್ಯ ಉಕ್ಕಿಗೆ ಒಂದು ಮಿತಿಯಿದೆ. ಅದಕ್ಕಿಂತ ಸಣ್ಣ ಎಳೆತವಾದರೆ ಎಷ್ಟು ಸಲವಾದರೂ ತಡೆಯುತ್ತದೆ. ಅಲ್ಯೂಮಿನಿಯಂ ಸಣ್ಣ ಎಳೆತಕ್ಕೂ ಲೆಕ್ಕ ಬರೆದಿಡುತ್ತಾ ಹೋಗಿ, ಒಂದು ದಿನ ಸೀಳುತ್ತದೆ. ಬಲಕ್ಕೆ ವಿಪರೀತ ಎಳೆತ, ಅಲ್ಲಿ ರಿಮ್ಮು ಸೀಳಿತು. ಎಡಕ್ಕೆ ಸಾಲದ ಎಳೆತ, ಅಲ್ಲಿ ಕಡ್ಡಿ ಮುರಿಯಿತು.

ಹಬ್ಬಿನ ವಿಷಯಕ್ಕೆ ಬಂದರೆ, ಮೌಂಟನ್ ಬೈಕಿನ ಇತಿಹಾಸ ಶುರುವಾಗುವುದೇ ಅಲ್ಲಿಂದ. 1976ರ ಅಕ್ಟೋಬರ್ 21ರಂದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೆಯ ಸೈಕಲ್ಲುಗಳಲ್ಲಿ ಗುಡ್ಡದಿಂದ ಇಳಿಯುವ ಮೊದಲ ಪಂದ್ಯ ನಡೆಸಿದರು. ಸುಮಾರು 3 ಕಿ.ಮೀ. ಒಳಗೆ 400 ಮೀಟರ್ ಇಳಿತ. ಬ್ರೇಕು ಹಿಂದಿನ ಹಬ್ಬಿನೊಳಗಿತ್ತು, ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವಂಥದ್ದು. ಕೆಳಗೆ ತಲುಪುವಷ್ಟರಲ್ಲಿ ಹಬ್ಬು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ನಂತರವೂ ಹಬ್ಬು ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಇಂಗ್ಲಿಷಿನಲ್ಲಿ ಹೀಗೆ ಮರಳಿ ತುಂಬುವುದಕ್ಕೆ ರೀಪ್ಯಾಕ್ ಎನ್ನುತ್ತಾರೆ. ಆ ಇಳಿಜಾರಿಗೂ ಪಂದ್ಯಕ್ಕೂ ಅದೇ ಹೆಸರು ನಿಂತಿತು. ಮೌಂಟನ್ ಬೈಕಿನ ಪ್ರವರ್ತಕರೆನಿಸಿದ ಗ್ಯಾರಿ ಫಿಶರ್, ಜೋ ಬ್ರೀಝ್, ಚಾರ್ಲಿ ಕೆಲ್ಲಿ ಬೆಳಕಿಗೆ ಬಂದದ್ದು ಆ ಧೂಳಿನಿಂದಲೇ.

ನನ್ನ ಮುಂಚಕ್ರದ ಹಬ್ಬಿಗೂ ಬೇಕಿದ್ದದ್ದು ಬರೀ ಗ್ರೀಸು. ಬಿಚ್ಚಿದಾಗ ಕಪ್ಪು ಅಂಟಿನೊಳಗಿಂದ ಬದಿಗೆ ಹತ್ತರಂತೆ ಬಾಲ್ಸ್ ಹೊರಬಂದವು. ಸೀಮೆಎಣ್ಣೆಯಲ್ಲಿ ತೊಳೆದರೆ ಬಾಲ್ಸ್ ಉರುಳುವ ಕೋನ್‌ಗಳು ನುಣ್ಣಗಿದ್ದವು, ಗುಳಿ ಬಿದ್ದಿರಲಿಲ್ಲ. ಹೊಸ ಬಾಲ್ಸ್, ಹೊಸ ಗ್ರೀಸು, ಅರ್ಧ ಗಂಟೆ ಕೆಲಸ. ರಿಮ್ಮು ನೇರವಿತ್ತು, ಆಯಾ ಬದಿಯ ಕಡ್ಡಿಗಳೆಲ್ಲ ಒಂದೇ ಸ್ವರದಲ್ಲಿದ್ದವು. ಆ ಚಕ್ರವನ್ನು ಬದಲಿಸಲು ಷೋಕಿಯ ಹೊರತು ಕಾರಣವಿರಲಿಲ್ಲ.

ಹಿಂದಿನ ಹಬ್ಬಿನ ಕಥೆ ಬೇರೆ. ಅಗ್ಗದ ಸೈಕಲ್ಲುಗಳಲ್ಲಿ ಹಲ್ಲುಚಕ್ರಗಳ ಗುಂಪು, ಅಂದರೆ ಫ್ರೀವೀಲು, ಹಬ್ಬಿನ ಮರೆಗೆ ತಿರುಗಿ ಕೂತಿರುತ್ತದೆ. ಹಾಗಾಗಿ ಬಲಬದಿಯ ಬೇರಿಂಗು ಫ್ರೀವೀಲಿನ ಒಳಗಡೆಗೆ ಸರಿಯಬೇಕಾಗುತ್ತದೆ. ಬೇರಿಂಗಿನಿಂದ ಫ್ರೇಮಿನವರೆಗೆ ಅಚ್ಚಿನ ಒಂದು ಉದ್ದ ತುಂಡು ಆಸರೆಯಿಲ್ಲದೆ ನಿಲ್ಲುತ್ತದೆ. ಗುಂಡಿಗೆ ಬಿದ್ದಾಗಲೆಲ್ಲ ಅದು ಬಾಗುತ್ತದೆ. ಕೆಲವು ಸಲ ಮುರಿಯುವುದೂ ಉಂಟು. ಶಿಮಾನೊ ಕಂಪನಿ 1978ರಲ್ಲಿ ತಂದ ಫ್ರೀಹಬ್ ಇದಕ್ಕೆ ಜಾಣ ಉತ್ತರ: ಫ್ರೀವೀಲಿನ ಯಂತ್ರವನ್ನೇ ಹಬ್ಬಿನ ಭಾಗ ಮಾಡಿ, ಬೇರಿಂಗನ್ನು ಬಲತುದಿಗೆ, ಫ್ರೇಮಿನ ಹತ್ತಿರಕ್ಕೆ ತಂದರು. ನನ್ನ ಅಚ್ಚನ್ನು ಗಾಜಿನ ಮೇಲೆ ಉರುಳಿಸಿದರು. ಅದು ಉರುಳಲಿಲ್ಲ, ಕುಂಟಿತು.

ಅಂದರೆ ಹಿಂಚಕ್ರದಲ್ಲಿ ಕಡ್ಡಿ, ರಿಮ್ಮು, ಅಚ್ಚು ಮೂರೂ ಹೋಗಿದ್ದವು. ಅಲ್ಲಿ ರಿಪೇರಿಗೆ ಹಟ ಹಿಡಿಯುವುದು ಉಳಿತಾಯವಲ್ಲ. ಇನ್ನು ಉಳಿದದ್ದು, ಇದ್ದಂಥದ್ದನ್ನೇ ಹಾಕಿಸುವುದೋ, ಮೇಲಿನ ದರ್ಜೆಯದ್ದೋ ಎಂಬ ಪ್ರಶ್ನೆ.

ಇಲ್ಲಿ ತೂಕದ ಮಾತು ಬರುತ್ತದೆ. ತಿರುಗುವ ತೂಕ ಎರಡು ಪಟ್ಟು ಭಾರ ಎಂಬ ಮಾತು ಸೈಕಲ್ ಸವಾರರ ಬಾಯಲ್ಲಿ ಸದಾ ಇರುತ್ತದೆ. ಮಾತು ನಿಜ. ರಿಮ್ಮಿನ ಅಂಚಿನ ತೂಕ ಮುಂದಕ್ಕೂ ಹೋಗಬೇಕು, ಸುತ್ತಲೂ ಬೇಕು. ವೇಗ ಹೆಚ್ಚಿಸುವಾಗ ಅದಕ್ಕೆ ಎರಡು ಪಾಲು ಶಕ್ತಿ ಬೇಕು. ಆದರೆ ಎಷ್ಟರ ಎರಡು ಪಾಲು? ಸವಾರ, ಸೈಕಲ್ ಸೇರಿ 90 ಕಿಲೋ ಎನ್ನೋಣ. ದುಬಾರಿ ಚಕ್ರ ಕೊಂಡು ಅಂಚಿನಲ್ಲಿ 400 ಗ್ರಾಂ ಉಳಿಸಿದೆವು. ನಿಂತಲ್ಲಿಂದ ಗಂಟೆಗೆ 20 ಕಿ.ಮೀ. ವೇಗಕ್ಕೆ ಬರಲು ಉಳಿಯುವ ಶಕ್ತಿ ಸುಮಾರು 12 ಜೂಲ್. ಒಂದು ಲೀಟರ್ ನೀರಿನ ಬಾಟಲಿಯನ್ನು ನೆಲದಿಂದ ಎದೆಮಟ್ಟಕ್ಕೆ ಎತ್ತುವಷ್ಟು. ಒಟ್ಟು ಶ್ರಮದಲ್ಲಿ ಅದು ಶೇ. 1ಕ್ಕೂ ಕಡಿಮೆ. ಒಂದೇ ವೇಗದಲ್ಲಿ ದಿಬ್ಬ ಹತ್ತುವಾಗ ಆ ಎರಡು ಪಟ್ಟಿನ ಲೆಕ್ಕವೂ ಇಲ್ಲ. 400 ಗ್ರಾಂ ಬರೀ 400 ಗ್ರಾಂ. ಅರ್ಧ ಗಂಟೆಯ ಏರಿನಲ್ಲಿ ಎಂಟು ಸೆಕೆಂಡು ಸಿಗಬಹುದು. ಪಂದ್ಯಕ್ಕೆ ಹೋಗುವವರಿಗೆ ಎಂಟು ಸೆಕೆಂಡು ದೊಡ್ಡದು. ಮೇಲೆ ಹತ್ತಿ ಚಹಾ ಕುಡಿಯುವ ನನ್ನಂಥವರಿಗಲ್ಲ.

ಹಾಗಾದರೆ ಒಳ್ಳೆಯ ಚಕ್ರ ಹಾಕಿಸಿದವರು 'ಸೈಕಲ್ಲೇ ಬೇರೆ ಆಯ್ತು' ಎನ್ನುವುದು ಭ್ರಮೆಯೇ? ಪೂರ್ತಿ ಅಲ್ಲ. ಅದಕ್ಕೆ ಕಾರಣ ಬೇರೆ ಕಡೆ ಇದೆ. ಪೆಡಲ್ ತುಳಿಯುವುದನ್ನು ನಿಲ್ಲಿಸಿ ಮತ್ತೆ ತುಳಿದಾಗ ಹಬ್ಬು ಹಿಡಿತಕ್ಕೆ ಸಿಗುವ ಮುಂಚೆ ಸ್ವಲ್ಪ ಖಾಲಿ ತಿರುಗುತ್ತದೆ. ಒಂದು ಸುತ್ತಿನಲ್ಲಿ 18 ಕಡೆ ಹಿಡಿಯುವ ಹಬ್ಬಾದರೆ 20 ಡಿಗ್ರಿಯವರೆಗೆ ಖಾಲಿ. ಮುಂದಿನ, ಹಿಂದಿನ ಹಲ್ಲುಗಳು ಸಮನಿರುವ ಸಣ್ಣ ಗೇರಿನಲ್ಲಿ ಇದು ಪಾದಕ್ಕೆ ಸುಮಾರು 6 ಸೆಂ.ಮೀ. ಆಗುತ್ತದೆ. 54 ಕಡೆ ಹಿಡಿಯುವ ಹಬ್ಬಿನಲ್ಲಿ ಅದು 2 ಸೆಂ.ಮೀ. ಬಂಡೆಗಳ ನಡುವೆ ಅರ್ಧ ಪೆಡಲ್ ತುಳಿದು, ನಿಲ್ಲಿಸಿ, ಮತ್ತೆ ತುಳಿಯುವವನಿಗೆ ಈ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಟಾರು ರಸ್ತೆಯಲ್ಲಿ ಆಫೀಸಿಗೆ ಹೋಗುವವನಿಗೆ ಗಮನಕ್ಕೂ ಬಾರದು.

ರಿಮ್ಮಿನ ಅಗಲವೂ ಮುಖ್ಯ. ಹಳೆಯ ರಿಮ್ಮುಗಳ ಒಳ ಅಗಲ 19 ಮಿ.ಮೀ. ಆಸುಪಾಸು. ಅದರ ಮೇಲೆ ದಪ್ಪ ಟೈರು ಹಾಕಿ ಗಾಳಿ ಇಳಿಸಿದರೆ ತಿರುವಿನಲ್ಲಿ ಟೈರು ಪಕ್ಕಕ್ಕೆ ಮಗುಚಿದಂತಾಗುತ್ತದೆ. ಈಗಿನವು 25ರಿಂದ 30 ಮಿ.ಮೀ. ಇದ್ದು, ಟೈರಿನ ಬುಡ ಅಗಲವಾಗಿ ಕೂರುತ್ತದೆ, ಕಡಿಮೆ ಗಾಳಿಯಲ್ಲೂ ನಿಲ್ಲುತ್ತದೆ. ಕಲ್ಲುಮಣ್ಣಿನ ಹಾದಿಯಲ್ಲಿ ಕಡಿಮೆ ಗಾಳಿ ಎಂದರೆ ಹೆಚ್ಚು ಹಿಡಿತ, ಕಡಿಮೆ ಕುಲುಕಾಟ. ಮೈ ಅಲುಗಿ ಪೋಲಾಗುವ ಶಕ್ತಿಯೂ ಉಳಿಯುತ್ತದೆ. ಮಾವಿಕ್, ಹಚಿನ್ಸನ್, ಮಿಶೆಲಿನ್ ಸೇರಿ 1999ರಲ್ಲಿ ಮೌಂಟನ್ ಬೈಕಿಗೆ ತಂದ ಟ್ಯೂಬಿಲ್ಲದ ಟೈರು ಈ ದಾರಿಯ ಮುಂದಿನ ಹೆಜ್ಜೆ. ಒಳಗೆ ಅಂಟುದ್ರವ ಹಾಕಿದರೆ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದ ತೂತೂ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆರೆ ಏರಿಗಳ ಮೇಲೆ ಸೈಕಲ್ ಹೊಡೆಯುವವರಿಗೆ ಈ ಒಂದು ಕಾರಣವೇ ಸಾಕು.

ಆದರೆ ಚಕ್ರಕ್ಕಿಂತ ಮೊದಲು ಟೈರು ನೋಡಿ. ಅಡುಗೆಮನೆಯ ತಕ್ಕಡಿಯಲ್ಲಿ ನನ್ನ ಹಳೆಯ ಟೈರು 850 ಗ್ರಾಂ ತೂಗಿತು. ಅಂಚಿನಲ್ಲಿ ಉಕ್ಕಿನ ತಂತಿಯ ಬದಲು ಅರಾಮಿಡ್ ನೂಲಿರುವ, ಮಡಚಿಡಬಹುದಾದ ಟೈರು 600 ಗ್ರಾಂ. ಎರಡಕ್ಕೆ ಅರ್ಧ ಕಿಲೋ ಉಳಿಯಿತು, ಅದೂ ತಿರುಗುವ ಅಂಚಿನಲ್ಲೇ, ಚಕ್ರದ ಬೆಲೆಗೆ ಹೋಲಿಸಿದರೆ ಪುಡಿಗಾಸಿಗೆ.

ಟೈರು ಕೊಳ್ಳುವಾಗ ಇಂಚಿನ ಲೆಕ್ಕ ನಂಬಬೇಡಿ. ದಪ್ಪ ಟೈರಿನ 26 ಇಂಚಿನ ಎಂಟಿಬಿಯಲ್ಲಿ ಟೈರು ಕೂರುವ ವ್ಯಾಸ 559 ಮಿ.ಮೀ.; 26 x 1 3/8 ಎಂಬ ಸಣ್ಣ ಟೈರಿನ ಸೈಕಲ್ಲಿನಲ್ಲಿ 590. ಎರಡೂ 26, ಒಂದು ಇನ್ನೊಂದಕ್ಕೆ ಕೂರದು. ಇನ್ನೂ ತಮಾಷೆಯೆಂದರೆ, ಅಜ್ಜನ ಕಾಲದ ಕಪ್ಪು ಸೈಕಲ್ಲಿನ 28 x 1 1/2 ಚಕ್ರದಲ್ಲಿ ಈ ವ್ಯಾಸ 635. ಹೊಸ ಫ್ಯಾಷನ್ನಿನ 29 ಇಂಚಿನದ್ದು ಬರೀ 622. ಟೈರಿನ ಪಕ್ಕದಲ್ಲಿ 54-559 ಎಂಬಂತೆ ಬರೆದಿರುವ ಸಂಖ್ಯೆಯೇ ಸರಿಯಾದ ಗುರುತು.

ಹಬ್ಬಿನ ಅಗಲದಲ್ಲೂ ಹೀಗೇ ತೊಡಕಿದೆ. ನನ್ನ ಫ್ರೇಮಿನ ಹಿಂಬದಿ 135 ಮಿ.ಮೀ. ಈಗಿನ ಒಳ್ಳೆಯ ಸೈಕಲ್ಲುಗಳಲ್ಲಿ 148 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ತೂರಚ್ಚು (ಥ್ರೂ ಆ್ಯಕ್ಸಲ್). ಇಂದು ನಾನು ದುಬಾರಿ 26 ಇಂಚಿನ ಚಕ್ರ ಕೊಂಡರೆ ನಾಳೆ ಹೊಸ ಸೈಕಲ್ಲಿಗೆ ಅದನ್ನು ಹಾಕಲಾಗದು. ಹಳೆಯ ಅಳತೆಯ ಫ್ರೇಮಿಗೆ ಫ್ರೇಮಿನ ಬೆಲೆಯ ಚಕ್ರ ಹಾಕುವುದು ನನ್ನ ಲೆಕ್ಕದಲ್ಲಿ ದುಂದು. ಹೊಸ ಅಳತೆಯ ಸೈಕಲ್ಲಿದ್ದವರು, ಅಗಲ ರಿಮ್ಮು ಮತ್ತು ಚುರುಕು ಹಬ್ಬು ಬೇಕೆನಿಸಿದರೆ ಧಾರಾಳವಾಗಿ ಹಾಕಿಸಲಿ.

ಕೊನೆಗೆ ನಾನು ಕಟ್ಟಿಸಿದ್ದು ಹಿಂಚಕ್ರ ಒಂದನ್ನೇ. 135 ಮಿ.ಮೀ. ಫ್ರೀಹಬ್, 25 ಮಿ.ಮೀ. ಒಳ ಅಗಲದ ರಿಮ್ಮು, 36 ಹೊಸ ಕಡ್ಡಿ. ಏಳು ಹಲ್ಲುಚಕ್ರಗಳ ಕ್ಯಾಸೆಟ್ಟಿನ ಹಿಂದೆ 4.5 ಮಿ.ಮೀ. ಬಳೆಯೊಂದನ್ನು ತೂರಿಸಿದ್ದರಿಂದ ಹಳೆಯ ಗೇರು ಹಿಡಿಯೇ ಸಾಕಾಯಿತು. ಹಳೆಯ ಡಿಸ್ಕನ್ನೂ ಬಿಚ್ಚಿ ಇದಕ್ಕೇ ಹಾಕಿದರು. ಕಟ್ಟಿದ ಮೇಲೆ ಮೆಕ್ಯಾನಿಕ್ ಅಕ್ಕಪಕ್ಕದ ಕಡ್ಡಿಗಳನ್ನು ಜೋಡಿಜೋಡಿಯಾಗಿ ಅಂಗೈಯಲ್ಲಿ ಹಿಡಿದು ಬಲವಾಗಿ ಹಿಂಡಿದರು. ಕೊಕ್ಕೆಯನ್ನು ಬಾಗಿಸುವಾಗ ಉಳಿದುಕೊಂಡ ಒಳಬಿಗಿ ಈ ಒಂದು ಹೆಚ್ಚುವರಿ ಎಳೆತದಿಂದ ಇಳಿದು ಕಡ್ಡಿಯ ಆಯಸ್ಸು ಹೆಚ್ಚುತ್ತದೆ ಎಂಬುದು ಬ್ರಾಂಟನ ವಿವರಣೆ. ಅವರು ಆ ಪುಸ್ತಕ ಓದಿದವರಲ್ಲ. "ನಮ್ಮ ಉಸ್ತಾದ್ ಹಿಂಗೇ ಮಾಡೋರು," ಎಂದರು.

ಹೊಸ ಚಕ್ರ ಈಗ 1,100 ಕಿ.ಮೀ. ಓಡಿದೆ. ಮೊದಲ 200 ಕಿ.ಮೀ. ಆದ ಮೇಲೆ ಮೀಟಿ ನೋಡಿದಾಗ ಎಡಬದಿಯ ಎರಡು ಕಡ್ಡಿಗಳ ಸದ್ದು ಮಂದವಾಗಿತ್ತು. ನಿಪ್ಪಲ್ಲಿಗೆ ಕಾಲು ಸುತ್ತು ಕೊಟ್ಟರು. ಆಮೇಲೆ ಒಂದು ಕಡ್ಡಿಯೂ ಮುರಿದಿಲ್ಲ.